ಕಟ್ಟಿದ ಮೇಲೆ ರಕ್ತ ಇನ್ನೂ ಜಾಸ್ತಿ ಸುರಿದದ್ದು ಏಕೆ?

ಪ್ರಶ್ನೆ: ನಮ್ಮದು ಹೊಸನಗರ ಕಡೆ ಅಡಿಕೆ ತೋಟ. ಎರಡು ತಿಂಗಳ ಹಿಂದೆ ಕಳೆ ಹೊಡೆಯುವಾಗ ಮೆಷಿನ್ನಿನ ಬ್ಲೇಡು ನಮ್ಮ ಕೆಲಸದವರ ಕಾಲಿಗೆ ಬಡಿಯಿತು. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ, ಹೊರಮಗ್ಗುಲಲ್ಲಿ ಆಳವಾದ ಗಾಯ. ರಕ್ತ ಚಿಮ್ಮುತ್ತಿತ್ತು. ಕಾಫಿ ಪುಡಿ ಹಾಕಿದೆವು, ತೊಳೆದುಕೊಂಡು ಹೋಯಿತು. ತೊಡೆಗೆ ಟವೆಲ್ ಸುತ್ತಿ ಗಂಟು ಹಾಕಿದರೆ ರಕ್ತ ಇನ್ನೂ ಜಾಸ್ತಿ ಸುರಿಯಿತು! ಅಷ್ಟರಲ್ಲಿ ಪಕ್ಕದ ತೋಟದವರು ಬಂದು, ‘ಕಟ್ಟಬಾರದು, ಕಾಲೇ ಹೋಗುತ್ತದೆ’ ಎಂದು ಬಿಚ್ಚಿಸಿದರು. ಕೊನೆಗೆ ಲುಂಗಿಯನ್ನು ಉಂಡೆ ಮಾಡಿ ಒತ್ತಿಕೊಂಡೇ ಜೀಪಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಮೂರು ಬಾಟಲಿ ರಕ್ತ ಕೊಟ್ಟರು. ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ‘ಬಿಗಿಯಾಗಿ ಕಟ್ಟಬೇಕಿತ್ತು’ ಎಂದರು. ಇನ್ನೊಬ್ಬರು ‘ಕಟ್ಟದೇ ಇದ್ದದ್ದು ಒಳ್ಳೆಯದಾಯಿತು’ ಎಂದರು. ಯಾವುದು ಸರಿ? ಇನ್ನೊಂದು ವಿಷಯ. ಅವರಿಗೆ ಈಗಲೂ ಪಾದದ ಮೇಲೆ ಜೋಮು ಇದೆ, ನಡೆಯುವಾಗ ಪಾದದ ತುದಿ ನೆಲಕ್ಕೆ ಎಡವುತ್ತದೆ. ನಾವು ಕಟ್ಟಿದ್ದರಿಂದ ಹೀಗಾಯಿತೇ?

ಉತ್ತರ: ಮೊದಲು ನಿಮ್ಮ ಟವೆಲ್ ವಿಷಯ. ರಕ್ತ ಪರೀಕ್ಷೆಗೆ ಹೋದಾಗ ಲ್ಯಾಬಿನವರು ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಾರೆ, ಅಲ್ವಾ? ‘ನರ ಉಬ್ಬಲಿ’ ಅಂತ. ನೀವು ತೊಡೆಗೆ ಟವೆಲ್ ಸುತ್ತಿ ಗಂಟು ಹಾಕಿದಾಗ ಆದದ್ದೂ ಅದೇ.

ಕಾಲಿಗೆ ರಕ್ತ ತರುವ ನಾಳ ಬೇರೆ, ವಾಪಸ್ ಒಯ್ಯುವ ನಾಳ ಬೇರೆ. ಶಾಲೆಯ ಪುಸ್ತಕದಲ್ಲಿ ಅಪಧಮನಿ, ಅಭಿಧಮನಿ ಅಂತ ಓದಿರುತ್ತೀರಿ. ಕೇಳಲು ಎರಡೂ ಒಂದೇ ಥರ. ಹಾಗಾಗಿ ನಾನಿಲ್ಲಿ ತರುವ ನಾಳ, ಒಯ್ಯುವ ನಾಳ ಅಂತಲೇ ಬರೆಯುತ್ತೇನೆ. ಬಿಪಿ 120/80 ಎನ್ನುತ್ತೇವಲ್ಲ, ಅದು ತರುವ ನಾಳದ ಒತ್ತಡ. ಮಲಗಿದವರ ಒಯ್ಯುವ ನಾಳದಲ್ಲಿ ಅದರ ಹತ್ತನೇ ಒಂದು ಪಾಲು ಇದ್ದರೆ ಹೆಚ್ಚು. ಜೊತೆಗೆ ತರುವ ನಾಳ ಮೂಳೆಯ ಹತ್ತಿರ, ಮಾಂಸದ ಆಳದಲ್ಲಿದೆ. ಕೈಯಿಂದ ಎಳೆದು ಹಾಕಿದ ಗಂಟು ಅಲ್ಲಿಯವರೆಗೆ ಮುಟ್ಟುವುದೇ ಇಲ್ಲ. ಆದರೆ ಒಯ್ಯುವ ನಾಳ ಸಲೀಸಾಗಿ ಮುಚ್ಚುತ್ತದೆ. ಒಳಗೆ ಬರುವ ರಕ್ತ ಬರುತ್ತಲೇ ಇರುತ್ತದೆ, ವಾಪಸ್ ಹೋಗುವ ದಾರಿ ಬಂದ್. ಆಗ ಅದಕ್ಕೆ ಉಳಿಯುವ ದಾರಿ ಗಾಯ ಒಂದೇ.

ಹಾಗಾಗಿ ನಿಮ್ಮ ಪಕ್ಕದ ತೋಟದವರು ಆ ಟವೆಲ್ ಬಿಚ್ಚಿಸಿದ್ದರಿಂದ ಲಾಭವೇ ಆಯಿತು. ಅವರು ಹೇಳಿದ ಕಾರಣ ಮಾತ್ರ ತಪ್ಪು. ಇಬ್ಬರು ಡಾಕ್ಟರುಗಳ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಕೈಕಾಲಿನ ರಕ್ತಕ್ಕೆ ಮೊದಲ ಮದ್ದು ಒತ್ತುವುದು. ಒತ್ತಿದರೂ ನಿಲ್ಲದಿದ್ದರೆ, ಅಥವಾ ಒತ್ತಿಕೊಂಡು ಕೂರಲು ಆಗದಿದ್ದರೆ, ಕಟ್ಟುವುದು. ಕಟ್ಟುವುದಾದರೆ ರಕ್ತ ಪೂರ್ತಿ ನಿಲ್ಲುವಷ್ಟು ಬಿಗಿ. ಅರ್ಧಂಬರ್ಧ ಕಟ್ಟು ಏನೂ ಕಟ್ಟದಿರುವುದಕ್ಕಿಂತ ಕೆಟ್ಟದ್ದು.

ಒತ್ತುವುದು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿದ್ದಾಗ ಒಂದು ರಾತ್ರಿ ಇಪ್ಪತ್ತರ ಹುಡುಗನನ್ನು ಕರೆತಂದರು. ಮುಂಗೈಗೆ ಕತ್ತಿ ತಗುಲಿತ್ತು. ಕೈ ದಿಂಬಿನಷ್ಟು ದಪ್ಪಗಿತ್ತು! ಏಳೆಂಟು ಬಟ್ಟೆ ಒಂದರ ಮೇಲೊಂದು ಸುತ್ತಿದ್ದರು. ನೆನೆದ ಹಾಗೆಲ್ಲ ಇನ್ನೊಂದು ಸುತ್ತು. ಎಲ್ಲವೂ ಕೆಂಪು ಕೆಂಪು. ಬಿಚ್ಚುತ್ತಾ ಹೋದರೆ ಕೊನೆಗೆ ಕಂಡದ್ದು ಬೆಂಕಿಕಡ್ಡಿಯಷ್ಟು ಸಣ್ಣ ನಾಳ, ಮಿಡಿದು ಮಿಡಿದು ಚಿಮ್ಮುತ್ತಿತ್ತು. ಅದರ ಮೇಲೆ ಒಂದು ಬೆರಳಿಟ್ಟೆ. ನಿಂತಿತು. ಮನೆಯವರು ಬಟ್ಟೆಯಿಂದ ರಕ್ತವನ್ನು ಮುಚ್ಚಿದ್ದರು, ನಾಳವನ್ನು ಒತ್ತಿರಲಿಲ್ಲ.

ಆದ್ದರಿಂದ ಮೊದಲು ಗಾಯ ನೋಡಿ. ಪ್ಯಾಂಟು, ಲುಂಗಿ ಏನೇ ಇರಲಿ, ಸರಿಸಿ ಅಥವಾ ಹರಿದು ಹಾಕಿ. ಎಲ್ಲಿಂದ ಬರುತ್ತಿದೆ ಎಂಬ ಜಾಗ ಹುಡುಕಿ. ಮೇಲಿನ ರಕ್ತವನ್ನು ಒಮ್ಮೆ ಬಟ್ಟೆಯಿಂದ ಒರೆಸಿದರೆ ಕಾಣುತ್ತದೆ. ಅಲ್ಲಿಗೇ ಬಟ್ಟೆ ಇಟ್ಟು ಒತ್ತಿ. ಗಾಯಗೊಂಡವರನ್ನು ನೆಲದ ಮೇಲೆ ಮಲಗಿಸಿ, ಎರಡೂ ಕೈ ಒಂದರ ಮೇಲೊಂದಿಟ್ಟು, ಮೊಣಕೈ ಮಡಿಸದೆ, ನಿಮ್ಮ ಮೈಭಾರವನ್ನೆಲ್ಲ ಬಿಡಿ. ಹಾಸಿಗೆ ಮೇಲೆ, ಜೀಪಿನ ಸೀಟಿನ ಮೇಲೆ ಒತ್ತಿದರೆ ಅರ್ಧ ಬಲ ಮೆತ್ತೆಗೇ ಹೋಗುತ್ತದೆ. ಕೆಳಗೆ ಗಟ್ಟಿ ನೆಲ ಬೇಕು. ಅವರಿಗೆ ನೋವಾಗುತ್ತದೆ, ಬೈಯುತ್ತಾರೆ. ಬೈಯಲಿ, ಬೈಯುವಷ್ಟು ಎಚ್ಚರ ಇದೆಯಲ್ಲ.

ಹತ್ತು ನಿಮಿಷ, ಗಡಿಯಾರ ನೋಡಿಕೊಂಡು. ನಿಂತಿತಾ ಅಂತ ನಡುನಡುವೆ ಎತ್ತಿ ನೋಡಬೇಡಿ. ರಕ್ತ ಹೆಪ್ಪುಗಟ್ಟಲು ಸಮಯ ಬೇಕು. ಪ್ರತಿ ಸಲ ಎತ್ತಿದಾಗಲೂ ಆಗತಾನೇ ಕಟ್ಟಿದ ಹೆಪ್ಪು ಬಟ್ಟೆಯ ಜೊತೆ ಕಿತ್ತು ಬರುತ್ತದೆ. ಹಾಗೆಂದು ಬಲವಾಗಿ ಒತ್ತಿದರೂ ಕೈ ಕೆಳಗಿಂದ ಹರಿಯುತ್ತಿದ್ದರೆ ಹತ್ತು ನಿಮಿಷ ಕಾಯಬಾರದು. ಆಗ ಜಾಗ ತಪ್ಪಿದೆ ಎಂದರ್ಥ. ಮೇಲೆ ಇನ್ನೊಂದು ಬಟ್ಟೆ ಹಾಕುವ ಬದಲು ಒಮ್ಮೆ ತೆಗೆದು ಸರಿಯಾದ ಜಾಗ ಹುಡುಕಿ.

ನಿಮ್ಮ ಕೆಲಸದವರಿಗೆ ಆದಂಥ ಆಳದ ಗಾಯಕ್ಕೆ ಮೇಲಿಂದ ಒತ್ತಿದರೆ ಸಾಲದು. ಬಟ್ಟೆಯನ್ನು ಗಾಯದ ಒಳಕ್ಕೇ ತುರುಕಬೇಕು. ಓದುವಾಗಲೇ ಮೈ ಜುಮ್ಮೆನ್ನಬಹುದು. ಆದರೆ ನಾಳ ಇರುವುದು ಒಳಗೆ. ತೆಳ್ಳನೆಯ ಹತ್ತಿ ಬಟ್ಟೆ, ಪಂಚೆಯ ತುಂಡು, ಸೀರೆಯ ಸೆರಗು, ಗಾಜ್ ಸುರುಳಿ ಇದ್ದರೆ ಇನ್ನೂ ಒಳ್ಳೆಯದು. ಬೆರಳಿನಿಂದ ಸ್ವಲ್ಪ ಸ್ವಲ್ಪವೇ ತಳ ಮುಟ್ಟುವವರೆಗೆ ತುಂಬಿ, ಮೇಲೆ ಬಂದ ಮೇಲೆ ಮೊದಲಿನಂತೆ ಒತ್ತಿ. ಬಟ್ಟೆ ಕೊಳೆಯಾಗಿದೆಯಲ್ಲ ಎಂಬ ಚಿಂತೆ ಆಮೇಲೆ. ಸೋಂಕಿಗೆ ಔಷಧಿ ಇದೆ, ಧನುರ್ವಾತಕ್ಕೆ ಇಂಜೆಕ್ಷನ್ ಇದೆ. ಹರಿದು ಹೋದ ರಕ್ತಕ್ಕೆ ತೋಟದಲ್ಲಿ ಬದಲಿ ಇಲ್ಲ. ಗಾಯದಲ್ಲಿ ಬ್ಲೇಡಿನ ತುಂಡೋ ಬಿದಿರಿನ ಸಿಬಿರೋ ಚುಚ್ಚಿಕೊಂಡಿದ್ದರೆ ಮಾತ್ರ ಕೀಳಬೇಡಿ, ತುರುಕಲೂ ಬೇಡಿ. ಅದರ ಎರಡು ಮಗ್ಗುಲಲ್ಲಿ ಒತ್ತಿ.

ನೀವು ಉಂಡೆ ಮಾಡಿ ಒತ್ತಿದ ಲುಂಗಿ ಇದೆಯಲ್ಲ, ಅವರನ್ನು ಉಳಿಸಿದ್ದು ಅದೇ. ದಾರಿಯುದ್ದಕ್ಕೂ ಒತ್ತಿ ಹಿಡಿದವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಈಗ ಕಟ್ಟುವ ವಿಷಯ. ಇದಕ್ಕೆ ನಾವು ಟೂರ್ನಿಕೆಟ್ ಎನ್ನುತ್ತೇವೆ. ಎರಡು ಇಂಚು ಅಗಲದ ಗಟ್ಟಿ ಬಟ್ಟೆಯ ಪಟ್ಟಿ ಬೇಕು. ಪಂಚೆಯನ್ನು ಉದ್ದಕ್ಕೆ ಹರಿದು ಮಡಿಸಿದರೆ ಸಾಕು. ತೆಂಗಿನ ಹಗ್ಗ, ಬೈಂಡಿಂಗ್ ವೈರು, ಪ್ಲಾಸ್ಟಿಕ್ ದಾರ ಬೇಡವೇ ಬೇಡ. ಅವು ಚರ್ಮ, ನರ ಕೊಯ್ಯುತ್ತವೆ. ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಹೃದಯದ ಕಡೆಗೆ ಕಟ್ಟಬೇಕು. ಕೀಲಿನ ಮೇಲೆ ಕಟ್ಟಬಾರದು. ನಿಮ್ಮ ಕೆಲಸದವರ ಗಾಯದಿಂದ ಮೂರು ಇಂಚು ಮೇಲೆ ಅಂದರೆ ಮೊಣಕಾಲೇ ಬರುತ್ತದೆ. ಹಾಗಾಗಿ ಅದನ್ನು ದಾಟಿ ತೊಡೆಯ ಮೇಲೆ. ಜಾಗದ ಮಟ್ಟಿಗೆ ನೀವು ಮಾಡಿದ್ದು ಸರಿಯೇ. ಕೊರತೆಯಾದದ್ದು ಒಂದು ಕೋಲು.

ಪಟ್ಟಿಯನ್ನು ಎರಡು ಸುತ್ತು ಸುತ್ತಿ ಒಂದು ಗಂಟು ಹಾಕಿ. ಗಂಟಿನ ಮೇಲೆ ಗೇಣುದ್ದದ ಗಟ್ಟಿ ಕೋಲು ಇಡಿ. ಪೆನ್ನು ಮುರಿಯುತ್ತದೆ. ಸ್ಪ್ಯಾನರ್ ಆದೀತು, ದಪ್ಪ ಸೌಟಿನ ಹಿಡಿಯಾದರೂ ಆದೀತು. ಕೋಲಿನ ಮೇಲೆ ಇನ್ನೆರಡು ಗಂಟು. ಆಮೇಲೆ ಕೋಲನ್ನು ತಿರುಪುತ್ತಾ ಹೋಗಿ. ಎಷ್ಟು ತಿರುಪಬೇಕು? ಲೆಕ್ಕ ಇಲ್ಲ. ರಕ್ತ ನಿಲ್ಲುವವರೆಗೆ. ನಿಂತ ಮೇಲೆ ಕೋಲು ಮರಳಿ ಬಿಚ್ಚಿಕೊಳ್ಳದಂತೆ ಅದರ ತುದಿಯನ್ನು ಇನ್ನೊಂದು ಬಟ್ಟೆಯಿಂದ ಕಾಲಿಗೇ ಕಟ್ಟಿ. ತೊಡೆ ದಪ್ಪಗಿದ್ದು ಒಂದು ಪಟ್ಟಿಗೆ ನಿಲ್ಲದಿದ್ದರೆ, ಅದನ್ನು ಬಿಚ್ಚದೆ, ಅದರ ಮೇಲುಗಡೆ ಇನ್ನೊಂದು. ಬೆಲ್ಟ್ ಸಾಲುವುದಿಲ್ಲ. ಅದು ಕೋಲಿಗೆ ತಿರುಚಿಕೊಳ್ಳುವುದೇ ಇಲ್ಲ. ಯಾರಾದರೂ ಈ ಪಟ್ಟಿ, ಕೋಲು ಹೊಂದಿಸುತ್ತಿರುವಾಗ ಇನ್ನೊಬ್ಬರು ಗಾಯ ಒತ್ತಿಕೊಂಡೇ ಇರಬೇಕು, ಇದನ್ನು ಮರೆಯಬೇಡಿ.

ಸರಿಯಾಗಿ ಬಿಗಿದ ಕಟ್ಟು ವಿಪರೀತ ನೋಯುತ್ತದೆ. ಗಾಯಕ್ಕಿಂತಲೂ ಹೆಚ್ಚು ಎನ್ನಬಹುದು. ‘ಸ್ವಲ್ಪ ಸಡಿಲ ಮಾಡಿ’ ಅಂತ ಅಂಗಲಾಚುತ್ತಾರೆ. ಮನಸ್ಸು ಕರಗುವುದು ಇಲ್ಲೇ. ಮಾಡಬೇಡಿ. ಹಿಂದೆ ಕಾಲು ಗಂಟೆಗೊಮ್ಮೆ ಸಡಿಲಿಸಿ ಮತ್ತೆ ಬಿಗಿಯಿರಿ ಅಂತ ಕಲಿಸುತ್ತಿದ್ದರು. ಅದನ್ನು ಕೈಬಿಟ್ಟು ಬಹಳ ಕಾಲವಾಯಿತು. ಪ್ರತಿ ಸಡಿಲಿಕೆಗೂ ಒಂದಿಷ್ಟು ರಕ್ತ ಹೋಗುತ್ತದೆ. ಕಂತಿನಲ್ಲಿ ಸಾಯಿಸಿದ ಹಾಗೆ. ಬಿಚ್ಚುವುದು ಆಸ್ಪತ್ರೆಯವರ ಕೆಲಸ. ನೀವು ಮಾಡಬೇಕಾದದ್ದು ಕಟ್ಟಿದ ಹೊತ್ತನ್ನು ಬರೆಯುವುದು. ಹಣೆಯ ಮೇಲೋ ಕೈಮೇಲೋ ಪೆನ್ನಿನಲ್ಲಿ ‘ಕಟ್ಟಿದ್ದು 10:40’ ಅಂತ. ಚೀಟಿಯಲ್ಲಿ ಬರೆದರೆ ಚೀಟಿ ಜೀಪಿನಲ್ಲೇ ಉಳಿಯುತ್ತದೆ.

ಹಾಗಾದರೆ ‘ಕಾಲೇ ಹೋಗುತ್ತದೆ’ ಎಂಬ ಮಾತು ಎಲ್ಲಿಂದ ಬಂತು? ಅದಕ್ಕೆ ಒಂದು ಮೂಲ ನಾವೇ, ವೈದ್ಯರೇ. ಹಾವು ಕಚ್ಚಿದರೆ ಕಟ್ಟಬೇಡಿ ಅಂತ ಊರೂರಿನ ಶಿಬಿರಗಳಲ್ಲಿ ಹೇಳುತ್ತಾ ಬಂದಿದ್ದೇವೆ. ಅದು ಸರಿಯಾದ ಮಾತು. ಕೊಳಕುಮಂಡಲದ ವಿಷ ಒಂದೇ ಕಡೆ ನಿಂತರೆ ಅಲ್ಲಿಯ ಮಾಂಸ ಕೊಳೆಯುತ್ತದೆ, ಕಟ್ಟಿದ್ದರಿಂದ ಲಾಭವೂ ಇಲ್ಲ. ಆದರೆ ಕೇಳಿದವರ ತಲೆಯಲ್ಲಿ ಉಳಿದದ್ದು ಹಾವು ಅಲ್ಲ, ‘ಕಟ್ಟಬೇಡಿ’ ಎಂಬ ಪದ ಮಾತ್ರ. ಅದು ಕತ್ತಿ ಗಾಯಕ್ಕೂ ಅಂಟಿಕೊಂಡಿತು.

ನಿಜವಾದ ಲೆಕ್ಕ ಬೇರೆ. ನಿಮ್ಮ ಊರಲ್ಲೂ ಯಾರಾದರೂ ಮಂಡಿ ಬದಲಿಸುವ ಆಪರೇಷನ್ ಮಾಡಿಸಿಕೊಂಡಿರುತ್ತಾರೆ. ಹೆಚ್ಚಿನ ಕಡೆ ಆಗ ತೊಡೆಗೆ ಗಾಳಿ ತುಂಬುವ ಪಟ್ಟಿ ಕಟ್ಟಿ, ಒಂದು ಒಂದೂವರೆ ಗಂಟೆ ಕಾಲಿಗೆ ರಕ್ತವೇ ಹೋಗದಂತೆ ಮಾಡಿರುತ್ತೇವೆ. ಅವರು ಎರಡನೇ ದಿನ ಅದೇ ಕಾಲಿನಲ್ಲಿ ನಡೆಯುತ್ತಾರೆ. ಎರಡು ಗಂಟೆಯವರೆಗೆ ದೊಡ್ಡ ಭಯವಿಲ್ಲ. ಅದಾದ ಮೇಲೆ ಸ್ನಾಯು, ನರಗಳಿಗೆ ಅಪಾಯ ಏರುತ್ತಾ ಹೋಗುತ್ತದೆ. ಆರು ಗಂಟೆ ದಾಟಿದರೆ ಕಾಲು ಉಳಿಯುವುದು ಕಷ್ಟ. ನಿಮ್ಮ ತೋಟದಿಂದ ಶಿವಮೊಗ್ಗಕ್ಕೆ ಎರಡು ಗಂಟೆಯೊಳಗೆ ಹೋಗಬಹುದಲ್ಲ? ಇರಾಕ್ ಯುದ್ಧದ ವೇಳೆ ಬಾಗ್ದಾದ್‌ನ ಅಮೆರಿಕನ್ ಸೇನಾ ಆಸ್ಪತ್ರೆಯೊಂದರಲ್ಲಿ 2006ರಲ್ಲಿ ಹೀಗೆ ಕಟ್ಟಿಸಿಕೊಂಡು ಬಂದ 232 ಮಂದಿಯ ಲೆಕ್ಕ ಇಟ್ಟರು. ಕಟ್ಟಿದ ಕಾರಣಕ್ಕೇ ಕೈಕಾಲು ಕಳೆದುಕೊಂಡವರು ಒಬ್ಬರೂ ಇರಲಿಲ್ಲ. ಇನ್ನೊಂದು ಸಂಗತಿಯೂ ಅಲ್ಲಿ ಕಂಡಿತು. ರಕ್ತ ಹೋಗಿ ಮೈ ತಣ್ಣಗಾಗುವ ಮೊದಲೇ ಕಟ್ಟಿದವರಲ್ಲಿ ಹೆಚ್ಚಿನವರು ಬದುಕಿದರು. ಆ ಹಂತ ತಲುಪಿದ ಮೇಲೆ ಕಟ್ಟಿದವರಲ್ಲಿ ಬದುಕಿದವರು ತೀರಾ ಕಡಿಮೆ. ಕೊನೆಯ ಉಪಾಯ ಅಂತ ಇಟ್ಟುಕೊಂಡರೆ ಅದು ತಡವಾಗಿಯೇ ಬರುತ್ತದೆ.

ಎಷ್ಟು ರಕ್ತ ಹೋದರೆ ಅಪಾಯ? ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಮುಕ್ಕಾಲು ಲೀಟರ್ ಹೋದರೂ ಹೊರಗೆ ಅಷ್ಟು ಗೊತ್ತಾಗದು. ಒಂದೂವರೆ ಲೀಟರ್ ದಾಟುತ್ತಿದ್ದಂತೆ ಮೈ ತಣ್ಣಗೆ ಬೆವರುತ್ತದೆ, ನಾಡಿ ಓಡುತ್ತದೆ, ಮಾತು ತಡವರಿಸುತ್ತದೆ. ಎರಡು ಲೀಟರ್ ಮೀರಿದರೆ ಜೀವಕ್ಕೇ ಸಂಚಕಾರ. ತೊಡೆಯ ದೊಡ್ಡ ನಾಳ ತುಂಡಾದರೆ ಇದಕ್ಕೆಲ್ಲ ಐದು ನಿಮಿಷವೂ ಬೇಡ. ಹತ್ತು ಕೆಜಿ ತೂಕದ ಮಗುವಿನ ಮೈಯಲ್ಲಿ ಇರುವುದೇ ಏಳುನೂರೈವತ್ತು, ಎಂಟುನೂರು ಮಿಲಿ. ಒಂದು ಲೋಟವೂ ದೊಡ್ಡ ನಷ್ಟ. ನಮ್ಮ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಮೊದಲೇ ರಕ್ತ ಕಡಿಮೆ ಇರುತ್ತದೆ ಎಂಬುದೂ ನೆನಪಿರಲಿ. ಹಾಗಾಗಿ ಚಿಮ್ಮುತ್ತಿದ್ದರೆ, ನೆಲದ ಮೇಲೆ ಮಡುಗಟ್ಟಿದ್ದರೆ, ಬಟ್ಟೆ ತೊಟ್ಟಿಕ್ಕುತ್ತಿದ್ದರೆ, ಆ ಮನುಷ್ಯ ಸುಮ್ನೆ ಮಂಕಾಗುತ್ತಿದ್ದರೆ ಲೆಕ್ಕ ಹಾಕುತ್ತಾ ನಿಲ್ಲಬೇಡಿ.

ಕಾಫಿ ಪುಡಿ, ಅರಿಸಿನ, ಸುಣ್ಣ, ಕಮ್ಯುನಿಸ್ಟ್ ಸೊಪ್ಪಿನ ರಸ, ಇವೆಲ್ಲ ತರಕಾರಿ ಹೆಚ್ಚುವಾಗ ಬೆರಳಿಗೆ ಆಗುವ ಗಾಯದಲ್ಲಿ ಹೆಸರು ಗಳಿಸಿದ ಮದ್ದುಗಳು. ಆ ಗಾಯ ಏನೂ ಹಾಕದಿದ್ದರೂ ನಿಲ್ಲುತ್ತದೆ. ಚಿಮ್ಮುವ ನಾಳಕ್ಕೆ ಅವು ಯಾವುದೂ ನಿಲ್ಲುವುದಿಲ್ಲ. ಜೊತೆಗೆ ಪುಡಿಯನ್ನೆಲ್ಲ ತೊಳೆದು ತೆಗೆಯುವುದರಲ್ಲೇ ನಮ್ಮ ಅರ್ಧ ಗಂಟೆ ಹೋಗುತ್ತದೆ.

ಕಟ್ಟಬಾರದ ಜಾಗಗಳೂ ಇವೆ. ತೊಡೆಸಂದು, ಕಂಕುಳು, ಕುತ್ತಿಗೆ. ಸಂದುಗಳಲ್ಲಿ ಕಟ್ಟಲು ಜಾಗವೇ ಇಲ್ಲ, ಬಟ್ಟೆ ತುರುಕಿ ಒತ್ತುವುದೇ ದಾರಿ. ತೊಡೆಸಂದಿಗೆ ನಿಮ್ಮ ಮೊಣಕಾಲೂರಿ ಒತ್ತಬಹುದು. ಕುತ್ತಿಗೆಗೆ ಗಾಯದ ಮೇಲೆ ಮಾತ್ರ ಒತ್ತಿ, ಉಸಿರುಗೊಳವೆ ಅಮುಕದಂತೆ. ಇನ್ನೊಂದು, ವಯಸ್ಸಾದವರ ಕಾಲಿನಲ್ಲಿ ಹುಳದಂತೆ ಉಬ್ಬಿದ ನೀಲಿ ನಾಳಗಳಿರುತ್ತವಲ್ಲ, ಅದು ಒಡೆದರೆ ಬಚ್ಚಲೆಲ್ಲ ಕೆಂಪಾಗುತ್ತದೆ. ಮನೆಯವರು ಗಾಬರಿಯಿಂದ ತೊಡೆಗೆ ಬಟ್ಟೆ ಕಟ್ಟುತ್ತಾರೆ. ಅದು ಒಯ್ಯುವ ನಾಳ, ಕಟ್ಟಿದರೆ ನಿಮ್ಮ ಟವೆಲಿನ ಕಥೆಯೇ. ಮಲಗಿಸಿ, ಕಾಲನ್ನು ಎತ್ತರಕ್ಕೆ ಎತ್ತಿ, ಒಡೆದ ಜಾಗಕ್ಕೆ ಬೆರಳೊತ್ತಿ. ಅಷ್ಟೇ ಸಾಕು.

ರಕ್ತ ನಿಂತ ಮೇಲೆ ಮೈ ಬೆಚ್ಚಗಿಡಿ. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ಕಮ್ಮಿ. ಮಳೆಗಾಲದ ಮಲೆನಾಡಿನಲ್ಲಿ ನೆನೆದ ಬಟ್ಟೆಯಲ್ಲೇ ತೆರೆದ ಜೀಪಿನಲ್ಲಿ ಒಯ್ದರೆ ಏನಾಗಬಹುದು ನೋಡಿ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ. ಕೆಳಗೂ ಒಂದು ಹಾಸಿ. ನೀರು, ಕಾಫಿ, ಎಳನೀರು ಕುಡಿಸಬೇಡಿ, ಆಪರೇಷನ್ ಇರಬಹುದು. ಬಾಯಾರಿಕೆ ಎಂದರೆ ತುಟಿ ಒದ್ದೆ ಮಾಡಿ.

108ಕ್ಕೆ ಒಬ್ಬರು ಫೋನ್ ಮಾಡಲಿ, ಸ್ಪೀಕರಿನಲ್ಲಿಟ್ಟು. ಒತ್ತುವವರ ಕೈ ಒತ್ತುತ್ತಲೇ ಇರಬೇಕು. ಆಂಬುಲೆನ್ಸ್ ದೂರವಿದೆ ಎಂದಾದರೆ ನೀವು ಮಾಡಿದಂತೆ ಸ್ವಂತ ಗಾಡಿಯಲ್ಲೇ ಹೊರಡುವುದು ತಪ್ಪಲ್ಲ. ಆದರೆ ಹೋಗುವಾಗ ಆಸ್ಪತ್ರೆಗೆ ಫೋನ್ ಮಾಡಿ. ಸರ್ಜನ್ ಇದ್ದಾರೆಯೇ, ರಕ್ತ ಇದೆಯೇ ಕೇಳಿ. ಹೊಲಿಗೆ ಹಾಕಿಸಲು ಅಂತ ಸಣ್ಣ ಕ್ಲಿನಿಕ್ಕಿನ ಮುಂದೆ ನಿಲ್ಲಬೇಡಿ. ದಾರಿಯಲ್ಲಿ ತಾಲ್ಲೂಕು ಆಸ್ಪತ್ರೆ ಸಿಕ್ಕರೆ ಅಲ್ಲಿ ಒಂದು ಕೆಲಸ ಆಗಬಹುದು. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್. ಕಟ್ಟಿದ ಹೆಪ್ಪು ಕರಗದಂತೆ ಅದು ತಡೆಯುತ್ತದೆ. 2010ರಲ್ಲಿ ಪ್ರಕಟವಾದ, ಭಾರತವೂ ಸೇರಿ 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲಿನ ಪರೀಕ್ಷೆಯಲ್ಲಿ ಅದರಿಂದ ಜೀವ ಉಳಿಯುವುದು ಖಚಿತವಾಯಿತು. ಆದರೆ ಪೆಟ್ಟಾದ ಮೂರು ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಗಾಯಾಳು ರಕ್ತ ತೆಳುವಾಗುವ ಮಾತ್ರೆ ತಿನ್ನುವವರಾದರೆ ಅದನ್ನೂ ಮೊದಲೇ ಹೇಳಿಬಿಡಿ.

ಪೊಲೀಸ್, ಕೇಸು ಎಂಬ ಅಂಜಿಕೆ ರಸ್ತೆ ಅಪಘಾತಗಳಲ್ಲಿ ಜಾಸ್ತಿ. ನೆರವಾದವರನ್ನು ಪೀಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ ಅದು ಸೇರಿದೆ.

ಬೆರಳು ತುಂಡಾಗಿ ಬೇರೆಯಾದರೆ, ಮೇವು ಕತ್ತರಿಸುವ ಮೆಷಿನ್ನಿನಲ್ಲಿ ಇದು ಆಗುತ್ತಲೇ ಇರುತ್ತದೆ, ಮೊದಲು ರಕ್ತ ನಿಲ್ಲಿಸಿ, ಆಮೇಲೆ ಬೆರಳು ಹುಡುಕಿ. ತುಸು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸು ನೀರಿನ ಪಾತ್ರೆಯಲ್ಲಿಡಿ. ನೇರ ಐಸಿನಲ್ಲಿ ಹೂತರೆ ಬೆರಳು ಸುಟ್ಟಂತಾಗಿ ಜೋಡಿಸಲು ಬರುವುದಿಲ್ಲ.

ತೋಟದ ಮನೆಯಲ್ಲಿ ಏನಿಡಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ನಾಲ್ಕು ಗಾಜ್ ಸುರುಳಿ, ಎರಡು ಇಂಚಿನ ಪಟ್ಟಿಯಾಗಿ ಹರಿದಿಟ್ಟ ಪಂಚೆ, ಅದಕ್ಕೇ ಕಟ್ಟಿದ ಒಂದು ಗಟ್ಟಿ ಕೋಲು, ಕೈಗವಸು, ಕತ್ತರಿ, ಮಾರ್ಕರ್ ಪೆನ್ನು. ಒಂದು ಡಬ್ಬಿಯಲ್ಲಿ ಹಾಕಿ ಕಳೆ ಮೆಷಿನ್ನಿನ ಪಕ್ಕದಲ್ಲೇ ಇಡಿ, ಮನೆಯ ಬೀರುವಿನಲ್ಲಲ್ಲ. ರೆಡಿಮೇಡ್ ಟೂರ್ನಿಕೆಟ್ ಆನ್‌ಲೈನಿನಲ್ಲಿ ಸಿಗುತ್ತದೆ. ತೀರಾ ಅಗ್ಗದವುಗಳಲ್ಲಿ ನಕಲಿ ಬಹಳ, ತಿರುಪುವಾಗ ಕಡ್ಡಿಯೇ ಮುರಿಯುತ್ತದೆ. ಒಂದು ದಿನ ಬಿಡುವಿನಲ್ಲಿ ನಿಮ್ಮದೇ ಕಾಲಿಗೆ ಕಟ್ಟಿ ನೋಡಿ. ಪಾದದ ನಾಡಿ ನಿಲ್ಲುವವರೆಗೆ ತಿರುಪಿ, ತಕ್ಷಣ ಬಿಚ್ಚಿ. ಎಷ್ಟು ಬಿಗಿ ಬೇಕು ಎಂಬುದು ಕೈಗೆ ಗೊತ್ತಾಗುತ್ತದೆ. ಮೆಷಿನ್ ಓಡುವಾಗ 15 ಮೀಟರ್ ಒಳಗೆ ಬೇರೆ ಯಾರೂ ಇರಬಾರದು, ಇದು ಮೆಷಿನ್ನಿನ ಪುಸ್ತಕದಲ್ಲೇ ಇರುತ್ತದೆ.

ಕೊನೆಯದಾಗಿ ಅವರ ಪಾದದ ಜೋಮು. ನಮ್ಮಲ್ಲಿ ರಕ್ತನಾಳಕ್ಕೂ ನರ ಅಂತಾರೆ, ನರಕ್ಕೂ ನರ ಅಂತಾರೆ. ಇಲ್ಲಿ ಪೆಟ್ಟಾಗಿರುವುದು ಎರಡನೆಯದಕ್ಕೆ. ಮೊಣಕಾಲಿನ ಹೊರಮಗ್ಗುಲಲ್ಲಿ, ನೀವು ಗಾಯ ಎಂದ ಜಾಗಕ್ಕೆ ತಾಗಿದಂತೆಯೇ, ಒಂದು ನರ ಮೂಳೆಯನ್ನು ಬಳಸಿಕೊಂಡು ಚರ್ಮದ ಕೆಳಗೇ ಹಾದು ಹೋಗುತ್ತದೆ. ಪಾದವನ್ನು ಮೇಲಕ್ಕೆತ್ತುವುದು, ಪಾದದ ಮೇಲ್ಭಾಗಕ್ಕೆ ಸ್ಪರ್ಶ ಕೊಡುವುದು ಅದರ ಕೆಲಸ. ಜೋಮು, ಪಾದದ ತುದಿ ಎಡವುವುದು, ಎರಡೂ ಅದಕ್ಕೇ ಹೊಂದುತ್ತವೆ. ಕೆಲವೇ ನಿಮಿಷ ಇದ್ದ ನಿಮ್ಮ ಸಡಿಲ ಟವೆಲಿನಿಂದ ಇದು ಆಗುವುದಿಲ್ಲ. ಬ್ಲೇಡೇ ತಾಗಿರಬೇಕು. ನರ ಬರೀ ಜಜ್ಜಿದ್ದರೆ ತಿಂಗಳುಗಳಲ್ಲಿ ತಾನಾಗಿ ಮರಳಬಹುದು. ತುಂಡಾಗಿದ್ದರೆ ಜೋಡಿಸಬೇಕು, ಅದಕ್ಕೆ ತಡ ಮಾಡಿದಷ್ಟೂ ಫಲ ಕಡಿಮೆ. ಎರಡು ತಿಂಗಳು ಈಗಾಗಲೇ ಆಗಿದೆ. ಈ ವಾರವೇ ಮೂಳೆ ಅಥವಾ ಪ್ಲಾಸ್ಟಿಕ್ ಸರ್ಜನ್ ಬಳಿ ಕರೆದುಕೊಂಡು ಹೋಗಿ, ನರದ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಪಾದ ಜೋಲದಂತೆ ಹಿಡಿಯುವ ಸ್ಪ್ಲಿಂಟ್ ಹಾಕಿಸಿ. ಅದಿಲ್ಲದೆ ತೋಟದ ಏರಿಳಿತದಲ್ಲಿ ಅವರನ್ನು ಕೆಲಸಕ್ಕೆ ಇಳಿಸಬೇಡಿ.